ಮುಖಂಡರು ಮೊದಲು ಸೈಕಲ್ ಏರಲಿ

(ಸ್ಥಳೀಯ ಮುಖಂಡರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸೈಕಲ್ಲಿನ ಗುಣಗಳನ್ನು ತಮಗೆ ವಿವರಿಸಬೇಕಾದ ಅಗತ್ಯವಿಲ್ಲ. ಒಂದು ತಲೆಮಾರಿನ ಹಿಂದೆ ನಮ್ಮ ಹಳ್ಳಿಗಳಲ್ಲಿ ಡೇರಿಗೆ ಹಾಲಿನ ಕ್ಯಾನು, ಗಿರಣಿಗೆ ರಾಗಿಯ ಚೀಲ, ಸಂತೆಗೆ ತೆಂಗಿನಕಾಯಿ ಸಾಗುತ್ತಿದ್ದುದು ಸೈಕಲ್ಲಿನ ಮೇಲೆಯೇ. ಅಂಚೆಯಣ್ಣನೂ ಮೇಷ್ಟರೂ ಅದರಲ್ಲಿಯೇ ಬರುತ್ತಿದ್ದರು. ಇಂದು ಅದು ಬಡತನದ ಗುರುತಾಗಿಬಿಟ್ಟಿದೆ. ಊರಿನಲ್ಲಿ ಒಬ್ಬನು ನಾಲ್ಕು ಜನರ ನಡುವೆ ಗಣ್ಯನಾದನೆಂದರೆ ಮೊದಲು ಬಿಡುವುದು ಸೈಕಲ್ಲನ್ನು. ಆದುದರಿಂದ ಅದಕ್ಕೆ ಕಳೆದುಹೋದ ಮರ್ಯಾದೆಯನ್ನು ಮರಳಿ ತಂದುಕೊಡಬಲ್ಲವರು ಗಣ್ಯರೇ, ಅಂದರೆ ತಾವುಗಳೇ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ.

ಒಂದು ಸರಳ ಲೆಕ್ಕವನ್ನು ನೋಡೋಣ. ಮನೆಯಿಂದ ಹೋಬಳಿ ಕೇಂದ್ರಕ್ಕೆ 6 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹೋಗಿಬರಲು 12, ತಿಂಗಳಿಗೆ 25 ದಿನವೆಂದರೆ 300 ಕಿಲೋಮೀಟರ್. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿಗೆ ತಿಂಗಳಿಗೆ 6 ಲೀಟರ್, ವರ್ಷಕ್ಕೆ 72 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿಯೆಂದು ಹಿಡಿದರೂ 7,200 ರೂಪಾಯಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಈ ಲೆಕ್ಕದಲ್ಲಿ ಒಂದೇ ಬೈಕಿನಿಂದ ವರ್ಷಕ್ಕೆ ಸುಮಾರು 166 ಕಿಲೋಗ್ರಾಂ. ಆಲೂಗೆಡ್ಡೆಯ ಬೆಲೆ ಕುಸಿದ ವರ್ಷದಲ್ಲಿ 7,200 ರೂಪಾಯಿ ಎಂದರೆ ಎಷ್ಟು ದೊಡ್ಡ ಮೊತ್ತವೆಂಬುದು ಅರಕಲಗೂಡಿನ ರೈತರಿಗೆ ಚೆನ್ನಾಗಿ ತಿಳಿದಿದೆ.

‘ಏರಿಳಿತದ ನಾಡಿನಲ್ಲಿ ಸೈಕಲ್ ಸಾಧ್ಯವೇ?’ ಎಂಬ ಪ್ರಶ್ನೆ ಸಹಜ. ಸಕಲೇಶಪುರದ ಕಡಿದಾದ ಏರುಗಳಲ್ಲಿ ಅದು ಎಲ್ಲರಿಗೂ ಸಾಧ್ಯವೆಂದು ನಾನು ಹೇಳಲಾರೆ. ಆದರೆ ಚನ್ನರಾಯಪಟ್ಟಣ, ಹೊಳೆನರಸೀಪುರಗಳು ಬಹುಮಟ್ಟಿಗೆ ಬಯಲು. ಅದಲ್ಲದೆ ಈ ಭಾಗಕ್ಕೆ ಒಂದು ವಿಶೇಷ ಅನುಕೂಲವೂ ಇದೆ. ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಟ ನಾಲೆಗಳು ಈ ತಾಲ್ಲೂಕುಗಳಲ್ಲಿ ಹರಿಯುತ್ತವೆ. ನಾಲೆಯು ಗುಡ್ಡವನ್ನು ಹತ್ತುವುದಿಲ್ಲ. ಸಮಮಟ್ಟದ ರೇಖೆಯನ್ನು ಹಿಡಿದು, ನೀರು ಹರಿಯಲು ಬೇಕಾದಷ್ಟೇ ಅಲ್ಪ ಇಳಿಜಾರಿನಲ್ಲಿ ಬಳಸಿ ಸಾಗುತ್ತದೆ. ಅದರ ಪಕ್ಕದ ಏರಿಯ ದಾರಿಯೂ ಹಾಗೆಯೇ. ನೀರಿನ ಬದಿಗೆ ತಡೆಬೇಲಿ ಹಾಕಿ, ಕಾವೇರಿ ನೀರಾವರಿ ನಿಗಮದ ಒಪ್ಪಿಗೆ ಪಡೆದು ದುರಸ್ತಿ ಮಾಡಿದರೆ ಹಲವು ಊರುಗಳಿಗೆ ಅದೇ ಸೈಕಲ್ ದಾರಿಯಾಗಬಲ್ಲದು.

ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳ ವಿದ್ಯಾಭ್ಯಾಸವೂ ಅಡಗಿದೆ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲಾರಂಭಿಸಿತು. 2020ರಲ್ಲಿ ಕೋವಿಡ್ ಕಾಲಕ್ಕೆ ವಿತರಣೆ ನಿಂತಿತು. ಬಿಹಾರದಲ್ಲಿಯೂ 2006ರಲ್ಲಿ ಇಂತಹುದೇ ಯೋಜನೆ ಬಂದಿತು. ಅದನ್ನು ಪರಿಶೀಲಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವು ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಸುಮಾರು ಶೇಕಡ 30ರಷ್ಟು ಹೆಚ್ಚಿತೆಂದು ಕಂಡುಕೊಂಡಿತು. ಶಾಲೆ ದೂರವಿದ್ದ ಊರುಗಳಿಗೇ ಇದರ ಲಾಭ ಹೆಚ್ಚಾಗಿ ದೊರೆಯಿತು. ಅಟ್ಟ ಸೇರಿರುವ ಒಂದೊಂದು ಸೈಕಲ್ಲಿನ ಹಿಂದೆಯೂ ಶಾಲೆ ಬಿಡುವ ಒಬ್ಬ ಬಾಲಕಿ ಇರಬಹುದು ಎಂಬುದನ್ನು ನಾವು ಮರೆಯಬಾರದು.

ಮುಖಂಡರು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯೇ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನವು ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಕಲಿಸಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಕಾರ್ಯಕರ್ತೆಯರಿಗೆ ಸೈಕಲ್ ಕೊಳ್ಳಲು ಬ್ಯಾಂಕ್ ಸಾಲ ದೊರೆಯುವಂತೆ ಮಾಡಿದರು. ಕಾರ್ಯಕರ್ತೆಯರು ಸೈಕಲ್ ಏರಿ ಹಳ್ಳಿಗೆ ಬಂದುದನ್ನು ಕಂಡು ಇತರ ಮಹಿಳೆಯರೂ ಸಾವಿರಾರು ಸಂಖ್ಯೆಯಲ್ಲಿ ಕಲಿತರು. ಮಹಿಳೆಯರ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಕೊಂಡರು. ಅದರ ಅಡ್ಡಸರಳಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು! ನೀರಿನ ಕೊಡ, ಕೂಲಿಯ ಕೆಲಸ, ಸಂತೆ, ಎಲ್ಲಕ್ಕೂ ಗಂಡಸರನ್ನೋ ಬಸ್ಸನ್ನೋ ಕಾಯುವುದು ತಪ್ಪಿತು.

ಕೇವಲ ಉಪದೇಶದಿಂದ ಇದು ಸಾಧ್ಯವಿಲ್ಲ. ಚನ್ನರಾಯಪಟ್ಟಣದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವಾಹನಗಳ ವೇಗವೆಷ್ಟೆಂಬುದನ್ನು ತಾವು ಬಲ್ಲಿರಿ. ಅಂತಹ ರಸ್ತೆಗೆ ಮಕ್ಕಳನ್ನು ಇಳಿಸಿ ‘ಪರಿಸರ ಉಳಿಸಿ’ ಎನ್ನುವುದು ಅನ್ಯಾಯ. ಎಲ್ಲಿ ಗುಂಡಿಯಿದೆ, ಎಲ್ಲಿ ದೀಪವಿಲ್ಲ, ಎಲ್ಲಿ ಲಾರಿ ಮೈಮೇಲೆ ಬರುತ್ತದೆ ಎಂಬುದು ಕಾರಿನ ಕಿಟಕಿಯಿಂದ ಕಾಣುವುದಿಲ್ಲ. ಸ್ವತಃ ತುಳಿದ ಸದಸ್ಯನಿಗೆ ಮಾತ್ರ ಗ್ರಾಮಸಭೆಯಲ್ಲಿ ಅದನ್ನು ಖಚಿತವಾಗಿ ಹೇಳಲು ಬರುತ್ತದೆ.

ಆದುದರಿಂದ ನಾಲ್ಕು ವಿನಂತಿಗಳು. ಒಂದು, ವಾರದಲ್ಲಿ ಒಂದು ದಿನವಾದರೂ ಪಂಚಾಯಿತಿ ಕಚೇರಿಗೆ, ಡೇರಿಗೆ, ಶಾಲೆಗೆ ಸೈಕಲ್ಲಿನಲ್ಲಿ ಬನ್ನಿ. ಎರಡು, ಅಟ್ಟ ಸೇರಿರುವ ಸೈಕಲ್ಲುಗಳನ್ನು ಇಳಿಸಿ ಊರಿನ ರಿಪೇರಿಯವರಿಂದ ಸರಿಪಡಿಸಿ. ಅವರಿಗೂ ಕೆಲಸ ಸಿಗಲಿ. ಮೂರು, ಸ್ತ್ರೀಶಕ್ತಿ ಸಂಘಗಳಲ್ಲಿ ಸೈಕಲ್ ಕಲಿಕೆಯನ್ನು ಆರಂಭಿಸಿ. ನಾಲ್ಕು, ಶಾಲೆಗೆ ಹೋಗುವ ಸುರಕ್ಷಿತ ಒಳದಾರಿಗಳನ್ನು ಗುರುತಿಸಿ, ಅವುಗಳ ದುರಸ್ತಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಯಿಸಿ.

ವಿದ್ಯಾರ್ಥಿಗಳೇ, ವಿಶ್ವಸಂಸ್ಥೆಯು 2018ರಲ್ಲಿ ಜೂನ್ 3ನ್ನು ವಿಶ್ವ ಬೈಸಿಕಲ್ ದಿನವೆಂದು ಘೋಷಿಸಿದೆ. ಆ ದಿನ ನಿಮ್ಮ ಊರಿನ ಅಧ್ಯಕ್ಷರನ್ನು ನಿಮ್ಮೊಡನೆ ಶಾಲೆಯವರೆಗೆ ಸೈಕಲ್ ತುಳಿಯಲು ಆಹ್ವಾನಿಸಿರಿ. ದಾರಿಯಲ್ಲಿ ಅವರು ಏನನ್ನು ಕಂಡರೆಂಬುದನ್ನು ಬರೆದು ಪಂಚಾಯಿತಿಗೆ ಸಲ್ಲಿಸಿರಿ.