ಪರವೂರಿನ ವಿದ್ಯಾರ್ಥಿಯೂ ಅವನ ಧರ್ಮಕೇಂದ್ರವೂ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ವಿದ್ಯಾರ್ಥಿ ಸಮಾವೇಶದಲ್ಲಿ ವಿಚಾರಣೆಯ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ದೇವಾಲಯದ ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ತೆಗೆದು ನೋಡಿದೆವು. ಮೊದಲ ಪುಟಗಳಲ್ಲಿ ತಂದೆತಾಯಿಗಳ ಹೆಸರಿನ ಮುಂದೆ ಬರೆದಿರುವ ಊರುಗಳಲ್ಲಿ ನಮ್ಮ ಊರಿನ ಹೆಸರೇ ಅಪರೂಪ. ಕೂಲಿ ನಾಲಿ ಅರಸಿಕೊಂಡು ಬಂದ ಜನರು ಮೊದಲು ಚಪ್ಪರ ಹಾಕಿದರು, ಆಮೇಲೆ ಗೋಡೆ ಕಟ್ಟಿದರು. ಅಂತಹವರ ಮರಿಮಕ್ಕಳಾದ ನೀವು ಈಗ ಓದಿನ ಸಲುವಾಗಿ ಬೆಂಗಳೂರು, ಮೈಸೂರು, ಮಂಗಳೂರುಗಳಿಗೆ, ಕೆಲವರು ಸಮುದ್ರದ ಆಚೆಗೂ ಹೊರಟಿದ್ದೀರಿ. ಅಲ್ಲಿಗೆ ಹೋದ ಮೇಲೆ ನೀವು ಯಾವ ಧರ್ಮಕೇಂದ್ರದವರು? ಇದೇ ನಮ್ಮ ಇಂದಿನ ವಿಷಯ.

ಈ ಪ್ರಶ್ನೆಯನ್ನು ಕೇಳಿದಾಗ ಹೆಚ್ಚಿನವರು, “ಫಾದರ್, ನಮ್ಮದು ಇದೇ ಚರ್ಚ್ ಅಲ್ಲವೆ? ಹಬ್ಬಕ್ಕೆ ಬಂದೇ ಬರುತ್ತೇವೆ” ಎನ್ನುತ್ತಾರೆ. ಪ್ರೀತಿಯ ಮಾತು, ಸಂತೋಷ. ಆದರೆ ಧರ್ಮಸಭೆಯ ಶಾಸನ ಬೇರೆ ಮಾತು ಹೇಳುತ್ತದೆ. 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಶಾಸನ ಸಂಹಿತೆಯ 102ನೆಯ ವಿಧಿಯಂತೆ, ಒಂದು ಧರ್ಮಕೇಂದ್ರದ ಎಲ್ಲೆಯೊಳಗೆ ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ನೆಲೆಸಿದವನು, ಅಥವಾ ಉದ್ದೇಶವಿಲ್ಲದಿದ್ದರೂ ಮೂರು ತಿಂಗಳು ಅಲ್ಲಿ ಕಳೆದವನು, ಆ ಧರ್ಮಕೇಂದ್ರದಲ್ಲಿ ಅರೆನೆಲೆಯನ್ನು ಪಡೆಯುತ್ತಾನೆ. 107ನೆಯ ವಿಧಿಯಂತೆ ಅಲ್ಲಿನ ವಿಚಾರಣೆಯ ಗುರುಗಳು ಅವನ ಸ್ವಂತ ಗುರುಗಳಾಗುತ್ತಾರೆ. ಗಮನಿಸಿರಿ: ಮನೆಯ ನೆಲೆ ತಪ್ಪುವುದಿಲ್ಲ, ಇನ್ನೊಂದು ಸೇರುತ್ತದೆ. ನೀವು ಹಾಸ್ಟೆಲಿನ ಕೋಣೆಯಲ್ಲಿ ಪೆಟ್ಟಿಗೆ ಇಳಿಸಿದ ದಿನವೇ, ನಾಲ್ಕು ವರ್ಷ ಓದುವ ಉದ್ದೇಶವಿರುವುದರಿಂದ, ನಿಮಗೆ ತಿಳಿಯದಂತೆಯೇ ಒಬ್ಬ ಗುರುಗಳು ನಿಮ್ಮ ಆತ್ಮದ ಹೊಣೆ ಹೊತ್ತಿರುತ್ತಾರೆ. ಅವರು ನಿಮ್ಮನ್ನು ಬಲ್ಲರೇ ಎಂಬುದು ಮಾತ್ರ ಉಳಿದ ಪ್ರಶ್ನೆ.

ಧರ್ಮಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಪ್ಯಾರಿಷ್ ಎನ್ನುತ್ತಾರಷ್ಟೆ. ಆ ಪದದ ಮೂಲ ‘ಪರೋಯ್ಕಿಯ’ ಎಂಬ ಗ್ರೀಕ್ ಶಬ್ದ. ಪರದೇಶಿಯಾಗಿ, ತಾತ್ಕಾಲಿಕವಾಗಿ ಒಂದೆಡೆ ವಾಸವಾಗಿರುವುದು ಎಂದು ಅದರ ಅರ್ಥ. ಸಂತ ಪೇತ್ರರ ಮೊದಲನೆಯ ಪತ್ರದಲ್ಲಿ ಕ್ರೈಸ್ತರ ಇಹಲೋಕದ ಬಾಳನ್ನು ಸೂಚಿಸಲು ಇದೇ ಶಬ್ದವಿದೆ. ಗುರುಮಠದಲ್ಲಿ ಈ ವ್ಯುತ್ಪತ್ತಿಯನ್ನು ಮೊದಲು ಕೇಳಿದಾಗ ನಮಗೆ ವಿಚಿತ್ರವೆನಿಸಿತ್ತು. ಪ್ಯಾರಿಷ್ ಎಂದರೆ ಊರಿನವರ ಸ್ವತ್ತೆಂದೇ ನಾವೆಲ್ಲ ತಿಳಿದಿದ್ದೆವು. ಪದವೇ ಹೇಳುವಂತೆ ಅದು ಪರವೂರಿನವರ ಮನೆ.

ಪರವೂರಿನ ವಿದ್ಯಾರ್ಥಿಯ ಕಷ್ಟ ಇಂದಿನದಲ್ಲ. ನಾಲ್ಕನೆಯ ಶತಮಾನದ ಮಧ್ಯದಲ್ಲಿ ಕಪ್ಪದೋಕಿಯದಿಂದ ಇಬ್ಬರು ಯುವಕರು ಓದಲೆಂದು ಅಥೆನ್ಸ್ ನಗರಕ್ಕೆ ಹೋದರು. ಒಬ್ಬರು ಸಂತ ಬೆಸಿಲ್, ಇನ್ನೊಬ್ಬರು ನಾಜಿಯಾನ್ಸಿನ ಸಂತ ಗ್ರೆಗೊರಿ. ಹೊಸ ವಿದ್ಯಾರ್ಥಿಯನ್ನು ಹಳಬರೆಲ್ಲ ಸೇರಿ ಗೇಲಿ ಮಾಡಿ, ಕೂಗಾಡುತ್ತ ಮೆರವಣಿಗೆಯಲ್ಲಿ ಸ್ನಾನಗೃಹಕ್ಕೆ ಕರೆದೊಯ್ಯುವ ಪದ್ಧತಿ ಅಲ್ಲಿತ್ತು. ರ‍್ಯಾಗಿಂಗ್ ಎಂಬುದು ಎಷ್ಟು ಹಳೆಯ ರೋಗ ನೋಡಿರಿ! ಮೊದಲೇ ಬಂದಿದ್ದ ಗ್ರೆಗೊರಿಯವರು ಹಳಬರ ಮನವೊಲಿಸಿ ಬೆಸಿಲರಿಗೆ ಆ ಕಾಟ ತಪ್ಪಿಸಿದರು. ಆದರೂ ಬೆಸಿಲರಿಗೆ ಅಥೆನ್ಸ್ ಬೇಸರ ತಂದಿತು. ಕೇಳಿ ಬಂದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಗೆಳೆಯನೇ ಸಂತೈಸಿದನು. ಬೆಸಿಲರು ತೀರಿಹೋದ ಬಳಿಕ ಗ್ರೆಗೊರಿಯವರು ಮಾಡಿದ ಸ್ಮರಣ ಭಾಷಣದಲ್ಲಿ ಇವೆಲ್ಲ ಬರುತ್ತವೆ. ಆ ನಗರದಲ್ಲಿ ತಮ್ಮಿಬ್ಬರಿಗೂ ಎರಡು ಹಾದಿಗಳು ಮಾತ್ರ ಗೊತ್ತಿದ್ದವು, ಒಂದು ದೇವಾಲಯಕ್ಕೆ, ಇನ್ನೊಂದು ಗುರುಗಳ ಪಾಠಶಾಲೆಗೆ ಎಂದು ಅವರು ಅಲ್ಲಿ ನೆನೆಯುತ್ತಾರೆ. ಅದೇ ಅಥೆನ್ಸಿನಲ್ಲಿ 355ರಲ್ಲಿ ಓದುತ್ತಿದ್ದ, ಜ್ಞಾನಸ್ನಾನ ಪಡೆದಿದ್ದ ಇನ್ನೊಬ್ಬ ಯುವಕನು ಮುಂದೆ ಚಕ್ರವರ್ತಿ ಜೂಲಿಯನ್ನನಾಗಿ ಕ್ರೈಸ್ತ ವಿಶ್ವಾಸವನ್ನು ಬಹಿರಂಗವಾಗಿ ತ್ಯಜಿಸಿದನು. ಊರು ಒಂದೇ, ಕಾಲವೂ ಒಂದೇ.

ನಮಗೆ ಇನ್ನೂ ಹತ್ತಿರದವರೆಂದರೆ ಧನ್ಯ ಫ್ರೆಡರಿಕ್ ಓಜನಾಂ. ಇವರು 1831ರಲ್ಲಿ ಕಾನೂನು ಓದಲು ಲಿಯೋನ್ ನಗರದಿಂದ ಪ್ಯಾರಿಸಿಗೆ ಬಂದಾಗ ವಯಸ್ಸು ಹದಿನೆಂಟು. ಅದೇ ವರ್ಷದ ಫೆಬ್ರವರಿಯಲ್ಲಿ ಜನರ ಗುಂಪು ಅಲ್ಲಿನ ಮಹಾಧರ್ಮಾಧ್ಯಕ್ಷರ ನಿವಾಸವನ್ನೇ ಧ್ವಂಸ ಮಾಡಿತ್ತು. ತರಗತಿಗಳಲ್ಲಿ ಧರ್ಮವೆಂದರೆ ತಾತ್ಸಾರ. ಒಂದು ದಿನ ಈ ಹುಡುಗನು ಮನಸ್ಸು ಕುಗ್ಗಿ ಸಂತ ಎತಿಯೆನ್ ದ್ಯು ಮೋಂ ದೇವಾಲಯವನ್ನು ಹೊಕ್ಕಾಗ, ಮೂಲೆಯಲ್ಲಿ ಒಬ್ಬ ವೃದ್ಧರು ಮೊಣಕಾಲೂರಿ ಜಪಸರ ಹೇಳುತ್ತಿದ್ದರಂತೆ. ನೋಡಿದರೆ ಮಹಾವಿಜ್ಞಾನಿ ಆಂಪಿಯರ್! ವಿದ್ಯುತ್ ಪ್ರವಾಹವನ್ನು ಅಳೆಯುವ ಮಾನಕ್ಕೆ ಯಾರ ಹೆಸರಿದೆಯೋ ಅವರೇ. ಅವರ ಮನೆಯಲ್ಲಿಯೇ ಓಜನಾಂ ಬಿಡಾರ ಮಾಡಿದ್ದರು. ನೂರು ವಾದಗಳು ಮಾಡಲಾರದ ಕೆಲಸವನ್ನು ಆ ಮೂಲೆಯ ಜಪಸರ ಮಾಡಿತೆಂದು ಹೇಳುತ್ತಾರೆ.

ಅಷ್ಟಕ್ಕೇ ನಿಂತಿದ್ದರೆ ಓಜನಾಂ ಒಬ್ಬ ಭಕ್ತ ವಿದ್ಯಾರ್ಥಿ ಮಾತ್ರ ಆಗಿರುತ್ತಿದ್ದರು. ನಿಮ್ಮ ಧರ್ಮಸಭೆ ಈಗ ಮಾಡುತ್ತಿರುವುದೇನು ಎಂದು ಸಹಪಾಠಿಗಳು ಸವಾಲು ಹಾಕಿದಾಗ, 1833ರ ಏಪ್ರಿಲ್ 23ರಂದು, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನ, ಅವರು ಕೆಲವು ಗೆಳೆಯರೊಡನೆ ಸೇರಿ ಒಂದು ಸಣ್ಣ ಕೂಟವನ್ನು ಕಟ್ಟಿದರು. ಬಡವರ ಮನೆ ಯಾವುದೆಂದು ಆ ಹುಡುಗರಿಗೆ ತಿಳಿಯದು. ಅಲ್ಲಿಯೇ ಸಮೀಪದ ಮುಫ್ತಾರ್ ಬಡಾವಣೆಯ ಕೇರಿಕೇರಿಯನ್ನೂ ಬಲ್ಲ ಸಿಸ್ಟರ್ ರೋಸಲಿ ರಾಂಡ್ಯು ಅವರ ಬಳಿಗೆ ಹೋದರು. ಯಾವ ಮನೆಗೆ ಹೋಗಬೇಕು, ಏನು ಒಯ್ಯಬೇಕು, ಹೇಗೆ ಮಾತನಾಡಬೇಕು ಎಂಬುದನ್ನು ಆಕೆ ಕಲಿಸಿದರು. ಅದೇ ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರ ಡಬ್ಬಿ ಹಿಡಿದು ನಿಲ್ಲುವ ಸಂತ ವಿನ್ಸೆಂಟ್ ದೆ ಪೌಲರ ಸಭೆ. ಅದರ ಸದಸ್ಯರೆಂದರೆ ನಿವೃತ್ತರಾದ ಹಿರಿಯರೆಂದು ನೀವು ಭಾವಿಸಿದ್ದೀರಿ. ಹುಟ್ಟಿಸಿದವರು ಪರವೂರಿನ ಕಾಲೇಜು ಹುಡುಗರು! ಓಜನಾಂ ಅವರನ್ನು 1997ರಲ್ಲಿ, ವಿಶ್ವ ಯುವಜನ ದಿನದ ಸಂದರ್ಭದಲ್ಲಿ, ಪ್ಯಾರಿಸಿನಲ್ಲಿಯೇ ಧನ್ಯರೆಂದು ಸಾರಲಾಯಿತು. 2003ರಲ್ಲಿ ಸಿಸ್ಟರ್ ರೋಸಲಿಯವರನ್ನೂ ಸಾರಲಾಯಿತು.

ಈಗ ನಮ್ಮ ಬೆಂಗಳೂರಿಗೆ ಬರೋಣ. ಅಲ್ಲಿ ದೇವಾಲಯಗಳಿಗೆ ಕೊರತೆಯಿಲ್ಲ, ತೊಂದರೆ ಅದೇ. ಈ ಭಾನುವಾರ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ, ಗುರುವಾರ ವಿವೇಕನಗರದ ಬಾಲಯೇಸು, ಮುಂದಿನ ಭಾನುವಾರ ಗೆಳತಿ ಹೇಳಿದ ಇನ್ನೊಂದು, ಅಲ್ಲಿ ಗಾಯನ ಚೆನ್ನಾಗಿದೆಯಂತೆ. ಪುಣ್ಯಕ್ಷೇತ್ರಗಳಿಗೆ ಹೋಗಬೇಡಿರೆಂದು ನಾವು ಹೇಳುವವರಲ್ಲ, ಹರಕೆಯಿದ್ದರೆ ಹೋಗಿರಿ. ಆದರೆ ಯಾತ್ರಿಕನ ಹೆಸರನ್ನು ಯಾರೂ ಕೇಳುವುದಿಲ್ಲ. ಅವನು ಒಂದು ವಾರ ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎರಡು ವಾರ, ಪರೀಕ್ಷೆಯ ನೆಪದಲ್ಲಿ ಒಂದು ತಿಂಗಳು. ಕಾಲೇಜಿಗೆ ಹೋಗಿ ನಾಸ್ತಿಕರಾದರೆಂದು ತಾಯಂದಿರು ಅಳುತ್ತಾರೆ. ಪುಸ್ತಕ ಓದಿ, ವಾದ ಮಾಡಿ ವಿಶ್ವಾಸ ಬಿಟ್ಟವರು ಬಹಳ ಕಡಿಮೆ. ತಾನು ಬಾರದಿರುವುದನ್ನು ಯಾರೂ ಗಮನಿಸಲಿಲ್ಲವೆಂದು ಬಿಟ್ಟವರೇ ಹೆಚ್ಚು. 2020ರಲ್ಲಿ ದೇವಾಲಯಗಳು ಮುಚ್ಚಿದ್ದಾಗ ಮೊಬೈಲಿನಲ್ಲಿ ಬಲಿಪೂಜೆ ನೋಡಿದ ಅಭ್ಯಾಸ ಕೆಲವರಲ್ಲಿ ಉಳಿದುಕೊಂಡಿದೆ. ರೋಗಿಗೆ ಅದು ಸಮಾಧಾನ. ಆರೋಗ್ಯವಂತನಿಗೆ ಪರಮಪ್ರಸಾದ ಪರದೆಯ ಮೂಲಕ ಬರುವುದಿಲ್ಲ.

ಆದುದರಿಂದ ನಮ್ಮ ಸಲಹೆ ಸರಳ. ನಡೆದುಹೋಗಲು ಸಾಧ್ಯವಿರುವ ದೇವಾಲಯವನ್ನು ಹಿಡಿಯಿರಿ. ಅಲ್ಲಿನ ಪ್ರಬೋಧನೆ ನೀರಸವಾಗಿರಬಹುದು, ಬೆಂಚು ಮುರಿದಿರಬಹುದು. ಭಾಷೆಯ ವಿಷಯ ಮಾತ್ರ ಸೂಕ್ಷ್ಮ. ಪಾಪನಿವೇದನೆ ಮಾಡಲು, ಅಳಲು, ತಾಯಿನುಡಿಯೇ ಬೇಕು; ಕನ್ನಡದ ಬಲಿಪೂಜೆ ಹತ್ತಿರದಲ್ಲಿದ್ದರೆ ಅಲ್ಲಿಗೇ ಹೋಗಿರಿ. ಇಲ್ಲವಾದರೆ ಮೂರು ಧರ್ಮಕೇಂದ್ರ ದಾಟಿ ಬಸ್ಸು ಹಿಡಿಯುವ ಉತ್ಸಾಹ ಎರಡನೆಯ ಸೆಮಿಸ್ಟರಿನವರೆಗೆ ಬಾಳುವುದಿಲ್ಲ, ಅಷ್ಟನ್ನು ಬಲ್ಲೆವು. ಭಾನುವಾರ ಪರೀಕ್ಷೆಯಿದ್ದರೆ ಶನಿವಾರ ಸಂಜೆಯ ಬಲಿಪೂಜೆಯೂ ಕಡ್ಡಾಯವನ್ನು ಪೂರೈಸುತ್ತದೆ.

ಮೊದಲ ತಿಂಗಳಲ್ಲಿಯೇ ಪೂಜೆಯ ನಂತರ ಗುರುಗಳನ್ನು ಕಂಡು ಹೆಸರು, ಹಾಸ್ಟೆಲು, ಊರು ಹೇಳಿರಿ. ಬಳಿಕ ಒಂದು ಕೆಲಸ ಕೇಳಿರಿ. ಗಾನವೃಂದವಾಗಲಿ, ಚಿಕ್ಕ ಮಕ್ಕಳಿಗೆ ಧರ್ಮೋಪದೇಶವಾಗಲಿ, ಕುರ್ಚಿ ಜೋಡಿಸುವುದಾಗಲಿ. ಕೆಲಸವಿಲ್ಲದವನು ಅತಿಥಿ, ಕೆಲಸವಿದ್ದವನು ಬಾರದಿದ್ದರೆ ಯಾರಾದರೂ ಫೋನು ಮಾಡುತ್ತಾರೆ. 1924ರಲ್ಲಿ ಆರಂಭವಾದ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟದ ಶಾಖೆ ನಿಮ್ಮ ಕಾಲೇಜಿನಲ್ಲಿದ್ದರೆ ಅದನ್ನೂ ಸೇರಿರಿ. ಆದರೆ ಅಲ್ಲಿ ಎಲ್ಲರಿಗೂ ಇಪ್ಪತ್ತು ವರ್ಷ. ಧರ್ಮಕೇಂದ್ರದಲ್ಲಿ ಮೊಮ್ಮಗುವನ್ನು ಎತ್ತಿಕೊಂಡ ಅಜ್ಜಿಯಿರುತ್ತಾಳೆ, ಕುಡಿತ ಬಿಡಲು ಹೆಣಗುವ ಆಟೋ ಚಾಲಕನಿರುತ್ತಾನೆ, ಬುಧವಾರ ಒಂದು ಶವಸಂಸ್ಕಾರ, ಶನಿವಾರ ಒಂದು ಮದುವೆ. ನಿಮಗೆ ಜ್ವರ ಬಂದಾಗ ಗಂಜಿ ಕಳುಹಿಸುವವಳು ಆ ಅಜ್ಜಿಯೇ.

ಮದುವೆ ಎಂದಾಗ ಒಂದು ಮಾತು. ಐದಾರು ವರ್ಷ ಹೊರಗಿದ್ದ ಹುಡುಗನ ವಿವಾಹಕ್ಕೆ ಮುನ್ನ, ಅವನು ವಾಸವಾಗಿದ್ದ ಸ್ಥಳದ ಗುರುಗಳಿಗೆ ನಾವು ಪತ್ರ ಬರೆದು ವಿಚಾರಿಸುತ್ತೇವೆ. ಆ ಹೆಸರಿನವರನ್ನು ತಾವು ಅರಿಯೆವು ಎಂಬ ಉತ್ತರ ಬಂದಾಗ ಪೋಷಕರು ನಮ್ಮ ಮೇಲೆ ಸಿಟ್ಟಾಗುತ್ತಾರೆ. ಬರೆದ ಗುರುಗಳ ತಪ್ಪೇನು?

ಬರಮಾಡಿಕೊಳ್ಳುವವರ ಕರ್ತವ್ಯವೂ ಇದೆ, ಅದು ಇಲ್ಲಿ ಕುಳಿತಿರುವ ಹಿರಿಯರಿಗೆ. ಒಂಟಿಯಾದವರನ್ನೂ ತಾಯ್ನಾಡಿನಿಂದ ದೂರವಾದವರನ್ನೂ ವಿಚಾರಣೆಯ ಗುರುಗಳು ವಿಶೇಷ ಶ್ರದ್ಧೆಯಿಂದ ಅರಸಬೇಕೆಂದು 529ನೆಯ ವಿಧಿ ವಿಧಿಸುತ್ತದೆ. ಗುರುಗಳೊಬ್ಬರಿಂದ ಅದು ಆಗದು. ನಮ್ಮ ಊರಿನ ನರ್ಸಿಂಗ್ ಶಾಲೆ, ಪಾಲಿಟೆಕ್ನಿಕ್‌ಗಳಿಗೂ ಹೊರಗಿನ ಮಕ್ಕಳು ಬರುತ್ತಾರೆ. ಹಿಂದಿನ ಬಾಗಿಲ ಬಳಿ ನಿಂತು, ಪೂಜೆ ಮುಗಿಯುತ್ತಲೇ ಮಾಯವಾಗುತ್ತಾರೆ. ಅವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು? ಒಬ್ಬರನ್ನು ಭಾನುವಾರದ ಊಟಕ್ಕೆ ಕರೆದರೆ ಮನೆಯಲ್ಲಿ ಅನ್ನ ಕಡಿಮೆಯಾಗದು.

ಸಂತ ಪೌಲರು ರೋಮಿನ ಸಭೆಗೆ ಬರೆದ ಪತ್ರದ 16ನೆಯ ಅಧ್ಯಾಯದ ಆರಂಭದಲ್ಲಿ ಕೆಂಕ್ರೆಯದ ಸಭೆಯ ಫೆಬೆ ಎಂಬಾಕೆಯನ್ನು ಪರಿಚಯಿಸಿ, ಆಕೆಯನ್ನು ಬರಮಾಡಿಕೊಂಡು ಬೇಕಾದ ಸಹಾಯ ಮಾಡಿರೆಂದು ಕೇಳಿಕೊಳ್ಳುತ್ತಾರೆ. ಪರವೂರಿಗೆ ಹೊರಟವರಿಗೆ ಕೈಯಲ್ಲಿ ಪತ್ರ ಕೊಡುವ ರೂಢಿ ಅಷ್ಟು ಹಳೆಯದು. ಈ ವರ್ಷ ಅದನ್ನು ನಮ್ಮಲ್ಲಿಯೂ ಆರಂಭಿಸುತ್ತಿದ್ದೇವೆ. ಓದಿಗಾಗಿ ಹೊರಡುವವರು ತಮ್ಮ ಕಾಲೇಜಿನ ವಿಳಾಸದೊಡನೆ ನಮ್ಮ ಕಚೇರಿಗೆ ಬರಲಿ. ಅಲ್ಲಿ ಯಾವ ಧರ್ಮಕೇಂದ್ರ, ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂದು ವಿಚಾರಿಸಿ, ಅಲ್ಲಿನ ಗುರುಗಳ ಹೆಸರಿಗೆ ಒಂದು ಪತ್ರ ಬರೆದುಕೊಡುತ್ತೇವೆ. ಪೋಷಕರು ಉಪ್ಪಿನಕಾಯಿಯ ಭರಣಿಯ ಜೊತೆಗೆ ಅದನ್ನೂ ಪೆಟ್ಟಿಗೆಯಲ್ಲಿಡಲಿ. ಕಚೇರಿ ಸೋಮವಾರ ಬಿಟ್ಟು ಉಳಿದ ದಿನ ಸಂಜೆ ತೆರೆದಿರುತ್ತದೆ.