ಚಳಿಗಾಲದ ಹಸಿರುಮನೆ ಮತ್ತು ಪ್ರದರ್ಶನದ ಮೇಜಿನ ತರಕಾರಿ

(ಮಹಾಲಿಂಗಪುರದ ಸುತ್ತಲಿನ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಹಾಲಿಂಗಪುರವೆಂದೊಡನೆ ನೆನಪಾಗುವುದು ಬೆಲ್ಲದ ಪೇಟೆ. ಘಟಪ್ರಭೆಯ ನೀರು ತಲುಪಿದ ಹೊಲಗಳಲ್ಲೆಲ್ಲ ಕಬ್ಬು ನಿಂತಿದೆ. ಇಂಥ ಸೀಮೆಯಲ್ಲಿ ತರಕಾರಿ ಸ್ಪರ್ಧೆಯ ವಿಷಯ ಕೆಲವರಿಗೆ ಹಗುರವಾಗಿ ತೋರಬಹುದು. ಆದರೆ ಪ್ರತಿ ವರ್ಷ ಪಂಚಾಯತಿ ಕಚೇರಿಗೆ ಹಸಿರುಮನೆಯ ಸಹಾಯಧನದ ಕುರಿತು ವಿಚಾರಿಸಿಕೊಂಡು ಬರುವವರು ಇದ್ದಾರೆ. ಸಾಲ ಮಾಡಿ ಕಟ್ಟಿದ ಮನೆಯ ಪ್ಲಾಸ್ಟಿಕ್ ಹರಿದು, ಕಬ್ಬಿಣದ ಕೊಳವೆಗಳಷ್ಟೇ ಹೊಲದಲ್ಲಿ ಉಳಿದ ದೃಶ್ಯವನ್ನೂ ಸದಸ್ಯರು ಕಂಡಿರಬಹುದು. ಸಾಲ ಮಾಡುವ ಮೊದಲು ರೈತನು ತನ್ನ ಕೈಗುಣವನ್ನು ಅಗ್ಗದಲ್ಲಿ ಪರೀಕ್ಷಿಸಿಕೊಳ್ಳಲು ಒಂದು ದಾರಿ ಬೇಕು. ಅರ್ಧ ಗುಂಟೆಯ ಚಳಿಗಾಲದ ಮನೆ ಹಾಗೂ ಊರಿನ ಪ್ರದರ್ಶನದ ಮೇಜು, ಇವೆರಡೂ ಸೇರಿ ಅಂಥ ಪರೀಕ್ಷೆಯಾಗಬಲ್ಲವು.

ಪ್ರದರ್ಶನವೆಂಬುದು ಈ ನಾಡಿಗೆ ಹೊಸತಲ್ಲ. ಬೆಂಗಳೂರಿನ ಲಾಲ್‌ಬಾಗ್‌ನ ಗಾಜಿನಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ನಾಡಿಗೇ ಪರಿಚಿತ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ತೋಟಗಾರಿಕೆ ಮೇಳವನ್ನು ನಡೆಸುತ್ತದೆ. ಈ ಭಾಗದ ರೈತರು ಅಲ್ಲಿಗೆ ಹೋಗುತ್ತಾರೆ, ನೋಡುತ್ತಾರೆ, ಬೀಜದ ಪೊಟ್ಟಣ ಕೊಂಡು ಮರಳುತ್ತಾರೆ. ತಾವು ಬೆಳೆದುದನ್ನು ಒಯ್ದು ಮೇಜಿನ ಮೇಲೆ ಇಡುವವರು ವಿರಳ.

ಇಂಗ್ಲೆಂಡಿನ ಈಶಾನ್ಯ ಭಾಗದ ಕಲ್ಲಿದ್ದಲು ಗಣಿಗಳ ಕಾರ್ಮಿಕರು ಈ ವಿಷಯದಲ್ಲಿ ಪ್ರಸಿದ್ಧರು. ಈರುಳ್ಳಿಯ ಜಾತಿಗೆ ಸೇರಿದ ಲೀಕ್ ಎಂಬ ತರಕಾರಿಯನ್ನು ಅವರು ಅಂಗೈಯಗಲದ ತೋಟಗಳಲ್ಲಿ ಬೆಳೆದು ಶರತ್ಕಾಲದ ಸ್ಪರ್ಧೆಗೆ ಒಯ್ಯುತ್ತಿದ್ದರು. ದಿನವಿಡೀ ನೆಲದಡಿಯಲ್ಲಿ ದುಡಿಯುವವನಿಗೆ ಹೊಲವೆಲ್ಲಿಂದ ಬರಬೇಕು? ಇದ್ದ ಹತ್ತು ಹೆಜ್ಜೆ ನೆಲವನ್ನೇ ಆತ ಶಿಸ್ತಿನಿಂದ ನೋಡಿಕೊಂಡ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳ ಹಿತ್ತಲನ್ನು ಬಲ್ಲವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮನೆಯ ವಿಚಾರ. ಚಳಿದೇಶಗಳಲ್ಲಿ ಹಸಿರುಮನೆ ಶಾಖವನ್ನು ಹಿಡಿದಿಡುವ ಸಾಧನ. ಬಾಗಲಕೋಟೆ ಜಿಲ್ಲೆಯ ಡಿಸೆಂಬರಿನಲ್ಲಿ ಮಧ್ಯಾಹ್ನದ ಬಿಸಿಲು 30 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಇರುಳು 15 ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಹೀಗಾಗಿ ಇಲ್ಲಿ ಮನೆಯ ಕೆಲಸವೇ ಬೇರೆ. ಇಬ್ಬನಿ ಎಲೆಯ ಮೇಲೆ ಕೂರದಂತೆ ತಡೆಯುವುದು, ಬಿಳಿನೊಣ ಮತ್ತು ಥ್ರಿಪ್ಸ್ ನುಸಿಗಳನ್ನು ಹೊರಗಿಡುವುದು, ಇರುಳ ಚಳಿಯ ಮೊನೆಯನ್ನು ತುಸು ಮೊಂಡಾಗಿಸುವುದು ಅದರ ಮುಖ್ಯ ಕೆಲಸ. ಬಿಳಿನೊಣವೇ ಟೊಮ್ಯಾಟೊ ಗಿಡಕ್ಕೆ ಎಲೆಮುರುಟು ನಂಜುರೋಗವನ್ನು ತರುವುದು. ಒಮ್ಮೆ ತಗುಲಿದ ಗಿಡಕ್ಕೆ ಔಷಧವಿಲ್ಲ.

ಅಗ್ಗವೆಂದು ಹಸಿರು ನೆರಳುಪರದೆಯನ್ನು ತಂದು ಹೊದಿಸುವವರು ಬಹಳ. ಬೇಸಿಗೆಗೆ ಅದು ಸರಿ. ಚಳಿಗಾಲದಲ್ಲಿ ಹಗಲು ಮೊದಲೇ ಚಿಕ್ಕದು. ಅದರಲ್ಲಿಯೂ ಅರ್ಧ ಬೆಳಕನ್ನು ತಡೆದರೆ ಗಿಡ ನೀಳವಾಗಿ ಸೊರಗುತ್ತದೆ, ಕಾಯಿಗೆ ಬಣ್ಣ ತಡವಾಗಿ ಬರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಬೇಕಾದುದು ಮೇಲೆ 200 ಮೈಕ್ರಾನಿನ ಪಾರದರ್ಶಕ ಹಾಳೆ, ಸುತ್ತಲೂ ಕೀಟನಿರೋಧಕ ಪರದೆ, ಅದರ ಹೊರಗೆ ಸುತ್ತಿ ಮೇಲೆತ್ತಬಹುದಾದ ಪ್ಲಾಸ್ಟಿಕ್ ಪಕ್ಕಪರದೆ. ಐದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಮನೆ ಸುಮಾರು ಅರ್ಧ ಗುಂಟೆಯಾಗುತ್ತದೆ. ಒಬ್ಬ ಮನುಷ್ಯ ಕೈಯೆತ್ತಿ ನಿಂತರೂ ಮೇಲೆ ಜಾಗ ಉಳಿಯುವಷ್ಟು ಎತ್ತರ ಬೇಕು. ಗಿಡ್ಡ ಮನೆ ಮಧ್ಯಾಹ್ನಕ್ಕೆ ಒಲೆಯಾಗುತ್ತದೆ. ಬಿದಿರಿನಿಂದಲೂ ಕಟ್ಟಬಹುದು. ಹಾಳೆಯನ್ನು ಫೆಬ್ರುವರಿ ಕಳೆದೊಡನೆ ಬಿಚ್ಚಿ, ಸುತ್ತಿ, ನೆರಳಿನಲ್ಲಿ ಇಡತಕ್ಕದ್ದು. ಹಾಳೆ ಹರಿಯುವುದು ಹೆಚ್ಚಾಗಿ ಬೇಸಿಗೆಯ ಗಾಳಿ-ಮಳೆಗೆ. ಮುಂಗಾರಿಗೆ ಮುಂಚಿನ ಆ ಬಿರುಗಾಳಿ ಬರುವ ಹೊತ್ತಿಗೆ ಹಾಳೆಯೇ ಮೇಲಿಲ್ಲದಿದ್ದರೆ ಹರಿಯುವ ಮಾತೆಲ್ಲಿ?

ಪಕ್ಕಪರದೆಯನ್ನು ಸಂಜೆ ಐದರ ಹೊತ್ತಿಗೆ ಇಳಿಸಬೇಕು, ಬೆಳಿಗ್ಗೆ ಬಿಸಿಲು ತಾಗಿದೊಡನೆ ಎತ್ತಬೇಕು. ಇಳಿಸಿದರೂ ಒಳಗಿನ ಉಷ್ಣತೆ ಹೊರಗಿಗಿಂತ ಹೆಚ್ಚೆಂದರೆ ಎರಡು-ಮೂರು ಡಿಗ್ರಿ ಹೆಚ್ಚಿದ್ದೀತು. ಸಾಮಾನ್ಯ ಪ್ಲಾಸ್ಟಿಕ್ ಹಾಳೆ ಇರುಳಿನಲ್ಲಿ ಶಾಖವನ್ನು ಹೊರಗೆ ಬಿಟ್ಟುಕೊಡುತ್ತದೆ. ಆದರೂ ಆ ಎರಡು ಡಿಗ್ರಿಗೆ ಬೆಲೆಯಿದೆ. ದೊಣ್ಣೆ ಮೆಣಸಿನಕಾಯಿಯ ಹೂವು ಬಹಳ ಚಳಿಯ ಇರುಳಿನಲ್ಲಿ ಸರಿಯಾಗಿ ಪರಾಗಗೊಳ್ಳದೆ, ಬೀಜವಿಲ್ಲದ ಚಪ್ಪಟೆ ಕಾಯಿ ಕಟ್ಟುತ್ತದೆ. ಬೆಳಿಗ್ಗೆ ಪರದೆ ಎತ್ತಲು ತಡವಾದರೆ ಹಾಳೆಯ ಒಳಮೈಯಿಂದ ಹನಿಗಳು ಎಲೆಯ ಮೇಲೆ ಉದುರಿ ಶಿಲೀಂಧ್ರ ರೋಗಗಳಿಗೆ ಆಹ್ವಾನವಾಗುತ್ತದೆ. ಈ ಕೆಲಸಕ್ಕೆ ಯಂತ್ರ ಬೇಡ, ಮನೆಯಲ್ಲಿ ಒಬ್ಬರು ಎರಡು ಹೊತ್ತು ಇದ್ದರೆ ಸಾಕು. ವಾರಕ್ಕೊಮ್ಮೆ ಹೊಲಕ್ಕೆ ಬರುವವರಿಗೆ ಹಸಿರುಮನೆ ತಕ್ಕುದಲ್ಲ.

ಪ್ರದರ್ಶನದ ಬೆಳೆಯಲ್ಲಿ ಬಿತ್ತನೆಯ ದಿನವನ್ನು ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಬೇಕು. ಜನವರಿ 26ರಂದು ಮೇಜಿನ ಮೇಲೆ ಕೆಂಪು ಅಥವಾ ಹಳದಿ ದೊಣ್ಣೆ ಮೆಣಸಿನಕಾಯಿ ಇರಬೇಕಾದರೆ ಸಸಿಗೆ 35 ದಿನ, ನಾಟಿಯಿಂದ ಹಸಿರು ಕಾಯಿಗೆ 75 ದಿನ, ಬಣ್ಣ ತಿರುಗಲು ಮೂರು ವಾರ, ಚಳಿಯ ವಿಳಂಬಕ್ಕೆ ಇನ್ನೊಂದು ವಾರ ಎಂದು ಹಿಡಿಯಬೇಕು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಬೀಜ ತಟ್ಟೆಗೆ ಬೀಳಬೇಕೆಂದಾಯಿತು. ಟೊಮ್ಯಾಟೊಗೆ ಅಕ್ಟೋಬರ್ ಮೊದಲ ವಾರ, ಸೌತೆಗೆ ನವೆಂಬರ್ ನಡುಭಾಗ. ಒಂದೇ ದಿನ ಎಲ್ಲವನ್ನೂ ಬಿತ್ತದೆ, ವಾರದ ಅಂತರದಲ್ಲಿ ಎರಡು ಸಲ ಬಿತ್ತುವವರು ಜಾಣರು.

ಪರದೆಯೊಳಗೆ ಜೇನು ಬರುವುದಿಲ್ಲ. ಹೀಗಾಗಿ ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುವ ಸೌತೆಯ ತಳಿಯನ್ನೇ ಆರಿಸಬೇಕು. ಊರಿನ ಸೌತೆಯನ್ನು ಒಳಗೆ ಹಾಕಿದರೆ ಹೂವು ತುಂಬಿ ಕಾಯಿ ಬರಿದಾಗುತ್ತದೆ. ಟೊಮ್ಯಾಟೊಗೆ ಜೇನು ಇರಲೇಬೇಕೆಂದಿಲ್ಲ. ಬಿಸಿಲೇರಿದ ಮೇಲೆ ದಾರವನ್ನು ಮೆಲ್ಲಗೆ ತಟ್ಟಿ ಗೊಂಚಲನ್ನು ಅಲುಗಿಸಿದರೆ ಪರಾಗ ಉದುರುತ್ತದೆ. ಗೊಂಚಲಿನಲ್ಲಿ ನಾಲ್ಕೈದು ಕಾಯಿ ಉಳಿಸಿ ಮಿಕ್ಕವನ್ನು ಎಳೆಯದರಲ್ಲಿಯೇ ಕಿತ್ತುಹಾಕಬೇಕಾಗುತ್ತದೆ. ಬಡ ರೈತನ ಕೈ ಇಲ್ಲಿ ಹಿಂಜರಿಯುವುದು ಸಹಜವೇ. ಆದರೆ ಒಂದೇ ಅಳತೆಯ ಐದು ಹಣ್ಣು ದೊರೆಯುವುದು ಹೀಗೆಯೇ.

ಆ ಒಂದೇ ಅಳತೆಯೇ ತೀರ್ಪಿನ ತಿರುಳು. ಎಲ್ಲಕ್ಕಿಂತ ದೊಡ್ಡ ಕಾಯಿಗೆ ಬಹುಮಾನವೆಂಬುದು ಜನರ ಊಹೆ. ಅನುಭವಿ ತೀರ್ಪುಗಾರರು ಮೊದಲು ನೋಡುವುದು ತಟ್ಟೆಯಲ್ಲಿರುವ ಐದೂ ಹಣ್ಣುಗಳು ಒಂದರಂತೆ ಒಂದಿವೆಯೇ ಎಂಬುದನ್ನು. ಟೊಮ್ಯಾಟೊದ ತೊಟ್ಟು ಹಸಿರಾಗಿ ಅಂಟಿಕೊಂಡಿರಬೇಕು. ಸೌತೆಯ ಮೇಲಿನ ಮಬ್ಬು ಪದರ ಬೆರಳ ಗುರುತಿನಿಂದ ಅಳಿಸಿರಬಾರದು. ಬದನೆಯ ಹೊಳಪು ಮಾಸಿರಬಾರದು. ಎಣ್ಣೆ ಸವರಿ ತಂದ ಬದನೆಯನ್ನು ಪಕ್ಕಕ್ಕೆ ಇಡುವುದೇ ಸರಿ. ಪೇಟೆಯ ದಲ್ಲಾಳಿಯೂ ಇದೇ ಗುಣಗಳನ್ನು ನೋಡಿ ಬುಟ್ಟಿಯ ದರ ಕೂಗುತ್ತಾನೆ. ವ್ಯತ್ಯಾಸವಿಷ್ಟೇ: ದಲ್ಲಾಳಿ ಕಾರಣ ಹೇಳುವುದಿಲ್ಲ, ಮೇಜಿನ ತೀರ್ಪುಗಾರ ಹೇಳುತ್ತಾನೆ. ಅಂಕಪಟ್ಟಿಯನ್ನು ಪ್ರತಿ ತಟ್ಟೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಡದ ಪ್ರದರ್ಶನದಿಂದ ರೈತನಿಗೆ ಶಾಲು ಸಿಕ್ಕೀತು, ಪಾಠ ಸಿಗದು.

ಬಹುಮಾನದ ಆಸೆಗೆ ಹಿಂದಿನ ದಿನವೂ ಔಷಧ ಹೊಡೆಯುವ ಅಪಾಯವಿದೆ. ಹಸಿರುಮನೆಯೊಳಗೆ ಮಳೆ ತೊಳೆಯುವುದಿಲ್ಲ, ಬಿಸಿಲಿನ ತೀಕ್ಷ್ಣತೆಯೂ ಕಡಿಮೆ. ಸಿಂಪಡಿಸಿದ ವಿಷ ಹೊರಗಿನ ಹೊಲಕ್ಕಿಂತ ಹೆಚ್ಚು ಕಾಲ ಕಾಯಿಯ ಮೇಲೆ ಉಳಿಯಬಹುದು. ಪ್ರದರ್ಶನ ಮುಗಿದ ಮೇಲೆ ಆ ತರಕಾರಿ ಯಾರದೋ ಅಡುಗೆಮನೆಗೆ, ಬಹುಶಃ ಅಂಗನವಾಡಿಯ ಪಾತ್ರೆಗೇ ಹೋಗುತ್ತದೆ. ಸಿಂಪಡಣೆಯ ದಿನಾಂಕ, ಔಷಧದ ಹೆಸರು ಬರೆದ ಹಾಳೆಯಿಲ್ಲದ ತಟ್ಟೆಯನ್ನು ಸ್ಪರ್ಧೆಗೆ ಸ್ವೀಕರಿಸಬಾರದು. ಡಬ್ಬಿಯ ಮೇಲೆ ನಮೂದಿಸಿದ ಕಾಯುವ ಅವಧಿ ಮುಗಿಯದಿದ್ದರೆ, ಎಷ್ಟು ಚೆಲುವಾದ ಕಾಯಿಯಾದರೂ ಹೊರಗೆ.

ಸಹಾಯಧನದ ಬಗ್ಗೆ ಒಂದೆರಡು ಮಾತು. ಇಲಾಖೆಯ ಯೋಜನೆಗಳಲ್ಲಿ ಸಾಮಾನ್ಯವಾಗಿ ನಿಗದಿತ ವೆಚ್ಚದ ಅರ್ಧದಷ್ಟು ದೊರೆಯುತ್ತದೆ. ಉಳಿದರ್ಧ ರೈತನದು, ಹೆಚ್ಚಾಗಿ ಬ್ಯಾಂಕಿನದು. ಕೆಲವು ವರ್ಷಗಳಿಗೊಮ್ಮೆ ಹಾಳೆಯನ್ನು ಬದಲಿಸುವ ಖರ್ಚು ಬೇರೆ. ಘಟಪ್ರಭಾ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ನೆಲವೂ ಕಡಿಮೆಯಿಲ್ಲ. ಅಂಥ ನೆಲದಲ್ಲಿ, ಉಪ್ಪಿನ ಕೊಳವೆಬಾವಿಯ ನೀರಿನಲ್ಲಿ ದೊಣ್ಣೆ ಮೆಣಸಿನಕಾಯಿ ಏಳುವುದಿಲ್ಲ, ಮನೆ ಎಷ್ಟೇ ಬೆಲೆಯದಾಗಿರಲಿ. ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಯನ್ನು ಮೊದಲು ಮಾಡಿಸುವಂತೆ ಅರ್ಜಿದಾರರಿಗೆ ತಿಳಿಸಿ ಹೇಳುವುದು ಸದಸ್ಯರಿಂದ ಆಗಬೇಕಾದ ಕೆಲಸ. ಅರ್ಧ ಗುಂಟೆಯಲ್ಲಿ ಎರಡು ಚಳಿಗಾಲ ಬೆಳೆದು ಮೇಜಿಗೆ ತಂದವನು ಹತ್ತು ಗುಂಟೆಯ ಸಾಲಕ್ಕೆ ಕೈ ಹಾಕಿದರೆ ಮನೆಯವರೂ ಧೈರ್ಯವಾಗಿ ಸಮ್ಮತಿಸಬಹುದು.

ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಕೃಷಿ ಹಾಗೂ ತೋಟಗಾರಿಕೆಯ ಅಭಿವೃದ್ಧಿ ಗ್ರಾಮ ಪಂಚಾಯತಿಯ ಪ್ರಕಾರ್ಯಗಳಲ್ಲಿ ಸೇರಿದೆ. ಪ್ರದರ್ಶನಕ್ಕೆ ದೊಡ್ಡ ಶಾಮಿಯಾನ ಬೇಡ. ಗಣರಾಜ್ಯೋತ್ಸವದ ಧ್ವಜಾರೋಹಣವಾದ ಶಾಲೆಯ ಪಡಸಾಲೆ, ನಾಲ್ಕು ಬೆಂಚು, ಬಿಳಿ ಹಾಳೆ ಸಾಕು. ಐದು ಟೊಮ್ಯಾಟೊ, ಮೂರು ದೊಣ್ಣೆ ಮೆಣಸಿನಕಾಯಿ, ಎರಡು ಸೌತೆ ಎಂದು ವರ್ಗಗಳನ್ನು ಮಾಡಬಹುದು. ಒಟ್ಟು 20 ಅಂಕಗಳಲ್ಲಿ ಏಕರೂಪತೆಗೆ 6, ತಾಜಾತನಕ್ಕೆ 6, ಬಣ್ಣಕ್ಕೆ 4, ಗಾತ್ರಕ್ಕೆ 4 ಇಟ್ಟರೆ ಗಾತ್ರದ ಹುಚ್ಚು ತಾನಾಗಿ ಇಳಿಯುತ್ತದೆ. ಹಸಿರುಮನೆಯಿಲ್ಲದವರಿಗೆ ಬಯಲು ಬೆಳೆಯ ವರ್ಗ ಬೇರೆಯೇ ಇರಲಿ. ಇಲ್ಲವಾದರೆ ಅವರು ಎರಡನೆಯ ವರ್ಷ ಬರುವುದಿಲ್ಲ. ಮನೆಯ ಬೀಜದಿಂದ ಬೆಳೆದ ಊರಿನ ಮುಳಗಾಯಿಗೂ ಒಂದು ಮೇಜು ಬೇಕು. ಭೋಗಿಯ ದಿನ ಸಜ್ಜೆ ರೊಟ್ಟಿಯೊಡನೆ ಎಣ್ಣೆಗಾಯಿಯಾಗುವ ಆ ಬದನೆಯ ಬೀಜವನ್ನು ಕಾಪಿಟ್ಟವರು ಹೆಚ್ಚಾಗಿ ಮನೆಯ ಹಿರಿಯ ಹೆಣ್ಣುಮಕ್ಕಳು; ತಟ್ಟೆಯ ಮುಂದಿನ ಚೀಟಿಯಲ್ಲಿ ಅವರ ಹೆಸರೇ ಇರತಕ್ಕದ್ದು, ಖಾತೆದಾರನದಲ್ಲ. ತೀರ್ಪುಗಾರರು ಆ ಊರಿನವರಾಗಿರದಿದ್ದರೆ ಒಳಿತು. ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯಕ್ಕೂ ಬಾಗಲಕೋಟೆಯ ವಿಶ್ವವಿದ್ಯಾಲಯಕ್ಕೂ ಎರಡು ತಿಂಗಳು ಮುಂಚಿತವಾಗಿ ಪತ್ರ ಬರೆದು ಕೇಳಿಕೊಳ್ಳಬಹುದು.

ದೊಣ್ಣೆ ಮೆಣಸಿನಕಾಯಿಯ ಬೀಜ ಸೆಪ್ಟೆಂಬರಿನಲ್ಲಿ ಬೀಳಬೇಕಾದುದರಿಂದ ವರ್ಗಗಳ ಪಟ್ಟಿ, ಅಂಕಗಳ ನಿಯಮ ಹಾಗೂ ಪ್ರದರ್ಶನದ ದಿನಾಂಕ ಆಗಸ್ಟ್ ತಿಂಗಳ ಸಾಮಾನ್ಯ ಸಭೆಯಲ್ಲಿಯೇ ತೀರ್ಮಾನವಾಗಿ, ಸೂಚನಾ ಫಲಕದ ಮೇಲೆ ಬರತಕ್ಕದ್ದು.