ಭೂಮಿಯ ಕಂಬಳಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಒಲೆಯ ಮುಂದೆ, ಮಗ್ಗದ ಮುಂದೆ ನಿಲ್ಲುವ ನಮಗೆ ಸೆಕೆಯ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊರಗಿನ ಗಾಳಿಯೂ ಏಕೆ ಕಾಯುತ್ತಿದೆ ಎಂಬುದನ್ನು ತಿಳಿದಿರಬೇಕು.

ಬಿಸಿಲಿಗೆ ಕಾದ ಭೂಮಿ ಆ ಶಾಖವನ್ನು ಮತ್ತೆ ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲಾಮ್ಲ ಅನಿಲಗಳು ಅದರಲ್ಲಿ ಒಂದಷ್ಟನ್ನು ತಡೆದು ಕೆಳಕ್ಕೆ ಮರಳಿಸುತ್ತವೆ. ಇದು ಕಂಬಳಿ ಹೊದ್ದಂತೆ. ಇದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಕಂಬಳಿ ಬೇಕು, ಒಂದರ ಮೇಲೊಂದು ಹೇರಿದರೆ ಗತಿಯೇನು?

ಕಲ್ಲಿದ್ದಲು, ಎಣ್ಣೆ ಸುಟ್ಟು ಲೋಕ ಮಾಡಿರುವುದು ಅದನ್ನೇ. ಪೆಸಿಫಿಕ್ ಸಾಗರದ ಹವಾಯಿಯಲ್ಲಿ, ಮೌನಾ ಲೋವಾ ಬೆಟ್ಟದ ಮೇಲೆ, ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಅಳೆಯತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲಾಮ್ಲ ಸುಮಾರು 315 ಪಾಲಿತ್ತು. 2024ರಲ್ಲಿ ಅದು 420 ದಾಟಿತ್ತು.

ಕಾದ ಗಾಳಿ ಹೆಚ್ಚು ನೀರಾವಿ ಹೊರುತ್ತದೆ. ತೇವದ ಗಾಳಿಯಲ್ಲಿ ಬೆವರು ಆರದು, ಮೈ ತಣಿಯದು. ನೂಲು ತುಂಡಾಗದಿರಲೆಂದು ಗಾಳಿಯನ್ನು ತೇವವಾಗಿಡುವ ಮಿಲ್ಲಿನಲ್ಲಿ, ಹಬೆ ತುಂಬಿದ ಹೋಟೆಲಿನ ಅಡಿಗೆಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಆದುದರಿಂದ ಕುಡಿಯುವ ನೀರು, ಹಬೆ ಹೊರಗೆಳೆಯುವ ಪಂಖ, ನಡುನಡುವೆ ವಿಶ್ರಾಂತಿ ಇವುಗಳನ್ನು ಪಗಾರದ ಜೊತೆಗೇ ಬೇಡಿಕೆಪಟ್ಟಿಯಲ್ಲಿ ಬರೆಯೋಣ. ಸೆಕೆಗೆ ಬಿದ್ದ ಸಂಗಡಿಗನನ್ನು ಸೋಮಾರಿ ಎನ್ನದೆ ನೆರಳಿಗೆ ಕರೆದೊಯ್ಯೋಣ.